ಸ್ಟಂಪ್ ಮೈಕಿಗೆ ಕೇಳಿಸದ ಮಾತು

ಬಳ್ಳಾರಿಯಲ್ಲಿ ಗೆಳೆಯರು ಆಗಾಗ ಭಾನುವಾರ ಸಂಜೆ ಒಂದು ಮಾತುಕತೆ ಇಟ್ಟುಕೊಳ್ಳುತ್ತಾರೆ. ಈ ಸಲ ನನ್ನನ್ನು ಕರೆದಿದ್ದರು. ಅಲ್ಲಿ ಆಡಿದ್ದನ್ನೇ ಇಲ್ಲಿ ಬರೆದಿದ್ದೇನೆ. ನಾಲಿಗೆ ತಡವರಿಸಿ ಬಿಟ್ಟುಹೋದ ಒಂದೆರಡು ವಿಷಯ ಸೇರಿಸಿದ್ದೇನೆ. ಫ್ಯಾನ್ ಸದ್ದಿಗೆ ಹಿಂದಿನ ಸಾಲಿನವರಿಗೆ ಅರ್ಧ ಕೇಳಿಸಲಿಲ್ಲವಂತೆ, ಅವರಿಗೂ ಇದು ಆಗುತ್ತೆ.

ಎಲ್ಲರಿಗೂ ನಮಸ್ಕಾರ. ಈ ಬಿಸಿಲಲ್ಲಿ ಬಂದಿದ್ದೀರಿ, ಸಂತೋಷ. ಒಗ್ಗರಣೆ ಮಂಡಕ್ಕಿ, ಮಿರ್ಚಿ ಕೊನೆಗೆ ಕೊಡುತ್ತಾರಂತೆ. ಹಾಗಾಗಿ ಮಧ್ಯದಲ್ಲಿ ಯಾರೂ ಎದ್ದು ಹೋಗಲ್ಲ ಅನ್ನೋ ಧೈರ್ಯ ನನಗಿದೆ.

ನಾನು ಗೇ. ಆರ್‌ಸಿಬಿ ಅಭಿಮಾನಿ ಕೂಡ. ಯಾವುದು ಜಾಸ್ತಿ ಅಳಿಸಿದೆ ಅಂತ ಕೇಳಬೇಡಿ, ಹದಿನೆಂಟು ವರ್ಷ ಒಂದು ಕಪ್ಪಿಗೆ ಕಾದವನಿಗೆ ಆ ಲೆಕ್ಕ ಹಾಕೋದು ಕಷ್ಟ.

ಒಂದು ಪದದಿಂದ ಶುರು ಮಾಡುತ್ತೇನೆ. ಛಕ್ಕಾ.

ಹಿಂದಿಯಲ್ಲಿ ಹಾಗಂದರೆ ಸಿಕ್ಸರ್. ಬೀದಿಯಲ್ಲಿ ಅದರ ಅರ್ಥ ಬೇರೆ, ಬಿಡಿಸಿ ಹೇಳಬೇಕಿಲ್ಲ. ಕೈ ತಿರುಗಿಸಿ ಮಾತಾಡುವ ಹುಡುಗ, ಮೆತ್ತಗೆ ನಡೆಯುವ ಹುಡುಗ, ಕ್ಲಾಸಿನಲ್ಲಿ ಹುಡುಗಿಯರ ಜೊತೆ ಕೂತು ಬುತ್ತಿ ಬಿಚ್ಚುವ ಹುಡುಗ, ಎಲ್ಲರಿಗೂ ಅದೊಂದೇ ಹೆಸರು. ತೆಲುಗಿನವರಾದರೆ ಕೊಜ್ಜಾ ಅನ್ನುತ್ತಾರೆ. ನಮ್ಮೂರಲ್ಲಿ ಬೈಗುಳಕ್ಕೆ ಭಾಷೆಯ ಜಗಳ ಇಲ್ಲ, ಎರಡೂ ಕಡೆಯಿಂದ ಸಮನಾಗಿ ಬರುತ್ತೆ.

2016ರ ಮೇ 29, ಐಪಿಎಲ್ ಫೈನಲ್. ನಮ್ಮ ಓಣಿಯಲ್ಲಿ ಜೀನ್ಸ್ ಹೊಲಿಯುವ ಒಂದು ಶೆಡ್ಡಿನ ಗೋಡೆಗೆ ಬಿಳಿ ಬಟ್ಟೆ ಕಟ್ಟಿ ಪ್ರೊಜೆಕ್ಟರ್ ಬಿಟ್ಟಿದ್ದರು. ಬಳ್ಳಾರಿ ಹೇಗೆ ಅಂತ ನಿಮಗೆ ಗೊತ್ತಲ್ಲ, ಅರ್ಧ ಓಣಿ ಆರ್‌ಸಿಬಿ, ಇನ್ನರ್ಧ ಹೈದರಾಬಾದ್. ಒಂದೇ ಮನೆಯಲ್ಲಿ ಅಣ್ಣ ಆ ಕಡೆ, ತಮ್ಮ ಈ ಕಡೆ. ಹೈದರಾಬಾದ್ 208 ಹೊಡೆದಿತ್ತು. ನಮ್ಮ ಕಡೆ ಗೇಲ್ ಇಳಿದ. 38 ಬಾಲಿಗೆ 76 ರನ್, ಅದರಲ್ಲಿ 8 ಸಿಕ್ಸರ್.

ಮೊದಲ ಸಿಕ್ಸರಿಗೆ ಹಿಂದೆ ಕೂತಿದ್ದ ಒಬ್ಬ "ಛಕ್ಕಾ!" ಅಂತ ಕೂಗಿ ನನ್ನ ಬೆನ್ನಿಗೆ ಹೊಡೆದ. ಎಲ್ಲರೂ ನಕ್ಕರು. ಎರಡನೆಯದಕ್ಕೆ ಇಬ್ಬರು ಹೊಡೆದರು. ನಾಲ್ಕನೇ ಸಿಕ್ಸರ್ ಹೊತ್ತಿಗೆ ಅದೇ ಒಂದು ಆಟ ಆಗಿಹೋಯಿತು, ಚೆಂಡು ಮೇಲೆ ಹೋದ ಕೂಡಲೇ ಅರ್ಧ ಜನ ಪರದೆ ಬಿಟ್ಟು ನನ್ನ ಕಡೆ ತಿರುಗುತ್ತಿದ್ದರು. ನನ್ನ ಫಜೀತಿ ನೋಡಿ. ಗೇಲ್ ಸಿಕ್ಸರ್ ಹೊಡೆಯಲಿ ಅಂತ ದೇವರಿಗೆ ಬೇಡಿಕೊಳ್ಳುತ್ತಿದ್ದವನು ನಾನೇ, ಹೊಡೆದರೆ ಏಟು ಬೀಳುತ್ತಿದ್ದದ್ದೂ ನನಗೇ. ಎಂಟು ಸಿಕ್ಸರ್, ಎಂಟು ಸಲ. ಕೊನೆಗೆ ಗೇಲ್ ಔಟಾದಾಗ ಎಲ್ಲರೂ ತಲೆ ಮೇಲೆ ಕೈ ಹೊತ್ತು ಕೂತರು. ನನಗೆ ಮಾತ್ರ ಒಂದು ಕ್ಷಣ ಜೀವ ಹಗುರಾಯಿತು. ಅದನ್ನು ನೆನೆಸಿಕೊಂಡರೆ ಇವತ್ತಿಗೂ ನಾಚಿಕೆ ಆಗುತ್ತೆ, ಯಾಕಂದರೆ ಆ ಮ್ಯಾಚು ನಾವು ಬರೀ 8 ರನ್ನಿಂದ ಸೋತೆವು.

ಬೆನ್ನಿಗೆ ಹೊಡೆದವರು ಕೆಟ್ಟವರಲ್ಲ. ಅವರಲ್ಲೊಬ್ಬ ನಮ್ಮಪ್ಪನಿಗೆ ಎದೆನೋವು ಬಂದ ರಾತ್ರಿ ಬೈಕಿನಲ್ಲಿ ನಡುವೆ ಕೂರಿಸಿಕೊಂಡು ಆಸ್ಪತ್ರೆಗೆ ಓಡಿದವನು. ಇದನ್ನು ಯಾಕೆ ಹೇಳುತ್ತಿದ್ದೇನೆ ಅಂದರೆ, ಬೈಯುವವರು ಯಾರೋ ರಾಕ್ಷಸರು ಅಂದುಕೊಂಡರೆ ಮಾತು ಅಲ್ಲಿಗೇ ಮುಗಿಯುತ್ತೆ. ರಾಕ್ಷಸರಲ್ಲ, ನಮ್ಮವರೇ. ಅದೇ ಕಷ್ಟ.

ನಾನು ಗೇ ಅಂತ ಗೊತ್ತಾದ ಮೇಲೆ ತುಂಬಾ ಜನ ಕೇಳುವ ಪ್ರಶ್ನೆ ಒಂದಿದೆ. ಭಾರತದ ಗಂಡಸರ ತಂಡದಲ್ಲಿ ಆಡುವ ಒಬ್ಬ ಆಟಗಾರ ಮುಂದೆ ಬಂದು ನಾನು ಗೇ ಅಂತ ಯಾವಾಗ ಹೇಳುತ್ತಾನೆ? ಕೆಲವರು ಇನ್ನೂ ಮುಂದೆ ಹೋಗಿ ಹೆಸರುಗಳನ್ನೇ ಹೇಳುತ್ತಾರೆ, ಅವನು ಇರಬಹುದಾ, ಇವನು ಇರಬಹುದಾ ಅಂತ. ಆ ಆಟ ನಾನು ಆಡಲ್ಲ, ನೀವೂ ಆಡಬೇಡಿ. ಆದರೆ ಪ್ರಶ್ನೆ ಕೇಳುವವರಿಗೆ ನನ್ನದೊಂದು ಪ್ರಶ್ನೆ ಇದೆ. ಅವನು ಏನು ಹೇಳುತ್ತಾನೆ ಅನ್ನೋದು ಆಮೇಲಾಯಿತು, ಇಷ್ಟು ದಿನ ಅವನಿಗೆ ಏನು ಕೇಳಿಸಿದೆ? ಬೌಂಡರಿ ಗೆರೆ ಹತ್ತಿರ ನಿಂತವನಿಗೆ ಗ್ಯಾಲರಿಯ ಒಂದೊಂದು ಮಾತೂ ಕೇಳಿಸುತ್ತೆ. ಅದಕ್ಕೂ ಮೊದಲು ಅವನು ಯಾವುದೋ ಊರಿನ ಓಣಿಯಲ್ಲಿ ಟೆನಿಸ್ ಬಾಲಿನಲ್ಲಿ ಆಡಿ ಬೆಳೆದವನು. ಅಲ್ಲಿ ಕ್ಯಾಚ್ ಬಿಟ್ಟವನಿಗೆ ಏನನ್ನುತ್ತಾರೆ ಅಂತ ನಮಗೆಲ್ಲ ಗೊತ್ತು, ಅಲ್ವಾ?

ನನಗಂತೂ ಚೆನ್ನಾಗಿ ಗೊತ್ತು, ಯಾಕಂದರೆ ನಾನೂ ಅಂದಿದ್ದೇನೆ. ಸಿರುಗುಪ್ಪ ಕಡೆ ಒಂದು ಟೂರ್ನಮೆಂಟು. ಗೆಳೆಯರ ಜೊತೆ ಹೋಗಿದ್ದೆ. ಬೌಂಡರಿಯಲ್ಲಿ ನಮ್ಮ ಮುಂದೆಯೇ ನಿಂತಿದ್ದ ಹುಡುಗ, ಹದಿನಾರೋ ಹದಿನೇಳೋ ಇರಬೇಕು, ಸಲೀಸಾದ ಕ್ಯಾಚ್ ಕೈಚೆಲ್ಲಿದ. ನಾನು ಎದ್ದು ನಿಂತು "ಲೇ ಹೆಣ್ಣಿಗ್ಯಾ, ಬಳಿ ತೊಟ್ಕಂಡ್ ಬಾ ಹೋಗು" ಅಂತ ಕೂಗಿದೆ. ಎಲ್ಲರೂ ನಕ್ಕರು. ಆ ಹುಡುಗ ತಿರುಗಿ ನೋಡಲಿಲ್ಲ. ತನ್ನ ಕೈ ನೋಡಿಕೊಂಡ, ಅಷ್ಟೇ. ಓವರ್ ಮುಗಿದ ಮೇಲೆ ಕ್ಯಾಪ್ಟನ್ ಹತ್ತಿರ ಹೋಗಿ ಏನೋ ಹೇಳಿ ಆ ಕಡೆ ಬೌಂಡರಿಗೆ ಹೋದ. ಅವನು ಗೇ ಆಗಿದ್ದನಾ? ಗೊತ್ತಿಲ್ಲ, ಬೇಕಾಗೂ ಇಲ್ಲ. ನಾನು ಕೂಗಿದ್ದು ಯಾಕೆ ಅಂತ ಮಾತ್ರ ಗೊತ್ತು. ನಾನು ಅವನ ಕಡೆ ಬೆರಳು ತೋರಿಸಿದಷ್ಟು ಹೊತ್ತು ನನ್ನ ಪಕ್ಕದವರು ನನ್ನ ಕಡೆ ನೋಡಲ್ಲ. ಅಷ್ಟೇ ಲೆಕ್ಕ.

ಈಗ ಸ್ವಲ್ಪ ದೂರ ಹೋಗೋಣ, ವೆಸ್ಟ್ ಇಂಡೀಸಿಗೆ. 2019ರ ಫೆಬ್ರವರಿ, ಸೇಂಟ್ ಲೂಸಿಯಾ ಟೆಸ್ಟ್. ಇಂಗ್ಲೆಂಡ್ ಕ್ಯಾಪ್ಟನ್ ಜೋ ರೂಟ್ ಬ್ಯಾಟಿಂಗ್, ಶಾನನ್ ಗೇಬ್ರಿಯಲ್ ಬೌಲಿಂಗ್. ಇಬ್ಬರ ನಡುವೆ ಏನೋ ಮಾತಾಯಿತು. ಗೇಬ್ರಿಯಲ್ ಅಂದದ್ದು ಸ್ಟಂಪ್ ಮೈಕಿಗೆ, ಅಂದರೆ ವಿಕೆಟ್ ಹತ್ತಿರ ಇಟ್ಟಿರುವ ಟಿವಿಯವರ ಮೈಕಿಗೆ, ಸಿಗಲಿಲ್ಲ. ರೂಟ್ ಅಂದದ್ದು ಸಿಕ್ಕಿತು. ಅದನ್ನು ಬೈಗುಳವಾಗಿ ಬಳಸಬೇಡ, ಗೇ ಆಗಿರೋದರಲ್ಲಿ ತಪ್ಪೇನಿಲ್ಲ, ಅನ್ನೋ ಅರ್ಥದ ಒಂದು ಮಾತು. ಕೂಗಾಡಲಿಲ್ಲ, ಭಾಷಣ ಮಾಡಲಿಲ್ಲ, ಅಂದು ಮತ್ತೆ ಬ್ಯಾಟ್ ಹಿಡಿದ. ಆ ಇನಿಂಗ್ಸಿನಲ್ಲಿ 122 ಹೊಡೆದ. ಆಮೇಲೆ ಗೇಬ್ರಿಯಲ್ ತಾನೇ ಹೇಳಿಕೆ ಕೊಟ್ಟು ಕ್ಷಮೆ ಕೇಳಿದ. ಯಾಕೆ ನನ್ನ ನೋಡಿ ನಗ್ತೀಯಾ, ನಿನಗೆ ಹುಡುಗರು ಇಷ್ಟಾನಾ ಅಂತ ಕೇಳಿದ್ದೆ ಅಂತ ಒಪ್ಪಿಕೊಂಡ. ನಾಲ್ಕು ಏಕದಿನ ಪಂದ್ಯ ಆಡದ ಹಾಗೆ ಶಿಕ್ಷೆ ಆಯಿತು.

ಆ ಕ್ಲಿಪ್ಪನ್ನು ನಾನು ಎಷ್ಟು ಸಲ ನೋಡಿದ್ದೇನೋ ಲೆಕ್ಕ ಇಲ್ಲ. ರೂಟ್ ಬಗ್ಗೆ ನನಗೆ ಬೇರೆ ಕಾರಣಕ್ಕೆ ಸಿಟ್ಟಿದೆ, ನಮ್ಮವರ ಮೇಲೆ ಅವನು ಹೊಡೆದ ಶತಕಗಳು ಒಂದೆರಡಲ್ಲ. ಆದರೂ ಅವತ್ತಿನಿಂದ ಅವನು ಔಟಾದರೆ ನನಗೆ ಪೂರ್ತಿ ಖುಷಿ ಆಗಲ್ಲ. ಒಂದು ವಿಷಯ ಗಮನಿಸಿ. ಅವತ್ತು ಜಗತ್ತಿಗೆಲ್ಲ ಕೇಳಿಸಿದ್ದು ಉತ್ತರ ಮಾತ್ರ. ಪ್ರಶ್ನೆ ಏನು ಅಂತ ಗೊತ್ತಾಗೋಕೆ ದಿನಗಳೇ ಹಿಡಿದವು. ನಮ್ಮ ಗ್ಯಾಲರಿಗಳಲ್ಲಿ ಉಲ್ಟಾ. ಪ್ರಶ್ನೆ ಎಲ್ಲರೂ ಕೂಗುತ್ತಾರೆ, ಉತ್ತರ ಕೊಡುವ ಒಬ್ಬ ಇರಲ್ಲ, ಯಾವ ಮೈಕಿಗೂ ಅದು ಸಿಗಲ್ಲ.

ಮುಂದಿನ ವರ್ಷದ ಜನವರಿಯಲ್ಲಿ ಆಸ್ಟ್ರೇಲಿಯಾದ ಬಿಗ್ ಬ್ಯಾಷ್ ಟೂರ್ನಮೆಂಟಿನಲ್ಲಿ ಮಾರ್ಕಸ್ ಸ್ಟಾಯಿನಿಸ್, ಕೇನ್ ರಿಚರ್ಡ್‌ಸನ್‌ಗೆ ಇಂಥದ್ದೇ ಮಾತು ಅಂದು 7,500 ಆಸ್ಟ್ರೇಲಿಯನ್ ಡಾಲರ್ ದಂಡ ಕಟ್ಟಿದ. ಇಬ್ಬರೂ ಬೇರೆ ಬೇರೆ ವರ್ಷ ನಮ್ಮ ಕೆಂಪು ಜೆರ್ಸಿ ಹಾಕಿದವರೇ. ಅಲ್ಲಿ ಕ್ರಿಕೆಟ್ ಮಂಡಳಿ ದಂಡ ಹಾಕಿತು, ಅವನೂ ತಪ್ಪಾಯಿತು ಅಂದ. ದಂಡದಿಂದ ಮನಸ್ಸು ಬದಲಾಗುತ್ತಾ? ಆಗಲಿಕ್ಕಿಲ್ಲ. ಆದರೆ ಬಾಯಿಗೆ ಬಂದದ್ದು ಅಲ್ಲೇ ತಡೆಯುತ್ತೆ, ಸದ್ಯಕ್ಕೆ ನನಗೆ ಅಷ್ಟು ಸಾಕು.

ಗಂಡಸರ ಆಟದಲ್ಲಿ ಮುಂದೆ ಬಂದು ಹೇಳಿದವರು ಇಲ್ಲವೇ ಇಲ್ಲ ಅಂತಲ್ಲ. ಇಂಗ್ಲೆಂಡಿನ ವಿಕೆಟ್ ಕೀಪರ್ ಸ್ಟೀವನ್ ಡೇವಿಸ್ 2011ರಲ್ಲಿ ಹೇಳಿದ, ಇನ್ನೂ ಆಡುತ್ತಿರುವಾಗಲೇ. ನ್ಯೂಜಿಲೆಂಡಿನ ವೇಗದ ಬೌಲರ್ ಹೀತ್ ಡೇವಿಸ್ 90ರ ದಶಕದಲ್ಲಿ ದೇಶಕ್ಕೆ ಆಡಿದವನು, ಹೇಳಿದ್ದು 2022ರಲ್ಲಿ. ಅಂದರೆ ದೇಶಕ್ಕೆ ಆಡಿದ ಮೇಲೂ ಎಲ್ಲರ ಮುಂದೆ ಹೇಳೋಕೆ ಅವನಿಗೆ ಇನ್ನೂ ಇಪ್ಪತ್ತೈದು ವರ್ಷ ಬೇಕಾಯಿತು.

ಫುಟ್ಬಾಲಿನ ಕಥೆ ಇನ್ನೂ ಭಾರ. ಜಸ್ಟಿನ್ ಫಶಾನು ಅಂತ ಇಂಗ್ಲೆಂಡಿನ ಕಪ್ಪು ಹುಡುಗ. 1981ರಲ್ಲಿ ನಾಟಿಂಗ್‌ಹ್ಯಾಮ್ ಫಾರೆಸ್ಟ್ ಕ್ಲಬ್ಬು ಅವನಿಗೆ ಹತ್ತು ಲಕ್ಷ ಪೌಂಡ್ ಕೊಟ್ಟು ಕರೆದುಕೊಂಡಿತು, ಅಲ್ಲಿವರೆಗೆ ಯಾವ ಕಪ್ಪು ಆಟಗಾರನಿಗೂ ಅಷ್ಟು ಬೆಲೆ ಬಂದಿರಲಿಲ್ಲ. 1990ರಲ್ಲಿ ತಾನು ಗೇ ಅಂತ ಪತ್ರಿಕೆಗೆ ಹೇಳಿದ. ಆಮೇಲೆ ಗ್ಯಾಲರಿ ಅವನನ್ನು ಸುಮ್ನೆ ಬಿಡಲಿಲ್ಲ. 1998ರಲ್ಲಿ, ಮೂವತ್ತೇಳನೇ ವಯಸ್ಸಿಗೆ, ಜೀವ ಕಳೆದುಕೊಂಡ. ಅವನ ನಂತರ ಬ್ರಿಟನ್ನಿನಲ್ಲಿ ವೃತ್ತಿಯಲ್ಲಿರುವ ಮತ್ತೊಬ್ಬ ಗಂಡಸು ಫುಟ್ಬಾಲ್ ಆಟಗಾರ ಹಾಗೆ ಹೇಳಿದ್ದು 2022ರಲ್ಲಿ. ಬ್ಲ್ಯಾಕ್‌ಪೂಲ್ ಕ್ಲಬ್ಬಿನ ಜೇಕ್ ಡೇನಿಯಲ್ಸ್, ಹದಿನೇಳು ವರ್ಷ. ನಡುವೆ 32 ವರ್ಷ. ಅಷ್ಟು ವರ್ಷ ಆ ದೇಶದಲ್ಲಿ ಪ್ರತಿ ವಾರ ಸಾವಿರಾರು ಜನ ಆಡಿದ್ದಾರೆ, ಒಬ್ಬನೂ ಬಾಯಿ ಬಿಡಲಿಲ್ಲ. ಜೇಕ್ ಹೇಳಿದ ಒಂದು ಮಾತು ನನಗೆ ತುಂಬಾ ಹಿಡಿಸಿತು. ಅಮ್ಮನಿಗೂ ಅಕ್ಕನಿಗೂ ವಿಷಯ ಹೇಳಿದ ಮರುದಿನವೇ ಮ್ಯಾಚಿತ್ತಂತೆ, ನಾಲ್ಕು ಗೋಲು ಹೊಡೆದನಂತೆ. ತಲೆ ಮೇಲಿನ ಮೂಟೆ ಇಳಿಸಿದವನ ಕಾಲು ಹೇಗೆ ಓಡುತ್ತೆ ನೋಡಿ.

ಹೇಳಿದ ಮೇಲೂ ಗ್ಯಾಲರಿ ಇದ್ದೇ ಇರುತ್ತೆ, ಅದು ಬೇರೆ ಮಾತು. ಆಸ್ಟ್ರೇಲಿಯಾದ ಜೋಶ್ ಕವಾಲ್ಲೊ 2021ರ ಅಕ್ಟೋಬರಿನಲ್ಲಿ ಹೇಳಿದಾಗ ಜಗತ್ತೆಲ್ಲ ಚಪ್ಪಾಳೆ ತಟ್ಟಿತು, ದೊಡ್ಡ ದೊಡ್ಡ ಕ್ಲಬ್ಬುಗಳೆಲ್ಲ ಶಭಾಷ್ ಅಂದವು. ಮೂರು ತಿಂಗಳಾಗಿರಲಿಲ್ಲ, ಮೆಲ್ಬರ್ನಿನಲ್ಲಿ ಆಡುವಾಗ ಪ್ರೇಕ್ಷಕರ ಗುಂಪಿನಿಂದ ಬೈಗುಳ ಶುರು. ಚಪ್ಪಾಳೆ ಫೋನಿನಲ್ಲಿ ಬಂತು, ಬೈಗುಳ ಎದುರಿಗೇ ಬಂತು.

ನಮ್ಮಂಥವರ ಬೆಂಬಲಕ್ಕೆ ಅಂತ ಕ್ಲಬ್ಬು, ಸಂಸ್ಥೆಗಳು ಕಟ್ಟಿಕೊಳ್ಳುವ ಬಣ್ಣದ ಪಟ್ಟಿಗಳ ಬಗ್ಗೆ ನನಗೆ ಅಷ್ಟೇನೂ ಭಕ್ತಿ ಇಲ್ಲ. ಶೂ ಲೇಸಿಗೆ ಕಾಮನಬಿಲ್ಲು ಕಟ್ಟಿಕೊಳ್ಳೋದು ಒಳ್ಳೆಯದೇ, ಬೇಡ ಅನ್ನಲ್ಲ. ಆದರೆ 2022ರ ಕತಾರ್ ವಿಶ್ವಕಪ್ಪಿನಲ್ಲಿ ಯುರೋಪಿನ ಏಳು ತಂಡದ ಕ್ಯಾಪ್ಟನ್ನುಗಳು ಒಂದು ತೋಳುಪಟ್ಟಿ ಕಟ್ಟಿಕೊಳ್ಳುತ್ತೇವೆ ಅಂತ ಹೊರಟಿದ್ದರಲ್ಲ, ಫಿಫಾ ಹಳದಿ ಕಾರ್ಡ್ ತೋರಿಸುತ್ತೇವೆ ಅಂದ ಕೂಡಲೇ ಎಲ್ಲರೂ ಬಿಚ್ಚಿಟ್ಟರು. ಒಂದು ಹಳದಿ ಚೀಟಿಗೆ ಇಷ್ಟೇನಾ ನಿಮ್ಮ ದಮ್ಮು ಅನಿಸಿತು. ಜರ್ಮನಿಯವರು ಮಾತ್ರ ಫೋಟೋಗೆ ನಿಂತಾಗ ಬಾಯಿ ಮುಚ್ಚಿಕೊಂಡು ತೋರಿಸಿದರು. ಆ ಮ್ಯಾಚು ಜಪಾನಿಗೆ ಸೋತರು.

ನಮ್ಮ ದೇಶಕ್ಕೆ ಬರೋಣ. ದ್ಯುತಿ ಚಾಂದ್ ಹೆಸರು ಎಲ್ಲರೂ ಕೇಳಿದ್ದೀರಿ. ಒಡಿಶಾದ ಹಳ್ಳಿಯ ನೇಕಾರರ ಮನೆ ಹುಡುಗಿ, 2018ರ ಏಷ್ಯನ್ ಗೇಮ್ಸ್‌ನಲ್ಲಿ 100 ಮೀಟರ್, 200 ಮೀಟರ್ ಎರಡರಲ್ಲೂ ಬೆಳ್ಳಿ. 2014ರಲ್ಲಿ ಅವಳ ಮೈಯಲ್ಲಿ ಗಂಡಸಿನ ಹಾರ್ಮೋನು ಜಾಸ್ತಿ ಇದೆ ಅಂತ ಕಾಮನ್‌ವೆಲ್ತ್ ತಂಡದಿಂದ ಕೈಬಿಟ್ಟಿದ್ದರು. ಅವಳು ಕ್ರೀಡಾ ನ್ಯಾಯಮಂಡಳಿವರೆಗೆ ಹೋಗಿ ಗೆದ್ದುಬಂದಳು. 2019ರ ಮೇ ತಿಂಗಳಲ್ಲಿ ತನಗೆ ಒಬ್ಬ ಹುಡುಗಿ ಜೊತೆ ಪ್ರೀತಿ ಇದೆ ಅಂತ ಹೇಳಿದಳು. ಅದಕ್ಕೂ ಎಂಟು ತಿಂಗಳ ಹಿಂದೆ, 2018ರ ಸೆಪ್ಟೆಂಬರ್ 6ಕ್ಕೆ, ಸುಪ್ರೀಂ ಕೋರ್ಟು, ನಮ್ಮಂಥವರ ಸಂಬಂಧವನ್ನು ಅಪರಾಧ ಅನ್ನುತ್ತಿದ್ದ 377ನೇ ಕಲಮಿನ ಹಲ್ಲು ಕಿತ್ತಿತ್ತು. ಬ್ರಿಟಿಷರು 1860ರಲ್ಲಿ ಬರೆದಿಟ್ಟುಹೋದ ಕಾನೂನು ಅದು.

ನಮ್ಮವ್ವ ಕೊಪ್ಪಳದ ಭಾಗ್ಯನಗರದವಳು, ಮಗ್ಗದ ಸದ್ದಿನಲ್ಲಿ ಬೆಳೆದವಳು. ದ್ಯುತಿ ಪ್ರೀತಿಯ ಸುದ್ದಿ ಬಂದ ದಿನ ಬೆಳಿಗ್ಗೆ ಪೇಪರ್ ಹಿಡಿದು ಅದನ್ನು ಅವಳಿಗೆ ಗಟ್ಟಿಯಾಗಿ ಓದಿ ಹೇಳಿದೆ. ಉದ್ದೇಶ ಬೇರೆ ಇತ್ತು ಅಂತ ನಿಮಗೆ ಗೊತ್ತಾಗಿರಬೇಕು. ಅವ್ವ ಪೂರ್ತಿ ಕೇಳಿದಳು. "ನೇಕಾರ್ರ ಹುಡುಗಿ ಅಂತೀ, ಎಷ್ಟ್ ಓಡಿ ದಣದಾಳೋ ಪಾಪ" ಅಂದಳು. ಅಷ್ಟರಲ್ಲಿ ಧೈರ್ಯ ಮಾಡಿ "ಅವ್ವಾ, ನಂದೂ ಹಂಗ ಐತಿ" ಅಂದೆ. ಅವ್ವ ಎದ್ದು ಒಳಗೆ ಹೋದಳು. ಮೂರು ದಿನ ಊಟಕ್ಕೆ ಬಾ ಅನ್ನೋದು ಬಿಟ್ಟರೆ ಬೇರೆ ಮಾತಿಲ್ಲ. ಆಮೇಲೆ ಮಾತು ಬಂತು, ಆದರೆ ಆ ವಿಷಯ ಬರಲಿಲ್ಲ. ಜುಲೈನಲ್ಲಿ ದ್ಯುತಿ ಇಟಲಿಯ ನೇಪಲ್ಸಿನಲ್ಲಿ ವಿಶ್ವ ವಿಶ್ವವಿದ್ಯಾಲಯ ಕ್ರೀಡಾಕೂಟದ 100 ಮೀಟರ್ ಚಿನ್ನ ಗೆದ್ದಳು, 11.32 ಸೆಕೆಂಡು. ಅವತ್ತು ನಾನು ಊಟಕ್ಕೆ ಕೂತಾಗ ತಟ್ಟೆ ಪಕ್ಕದಲ್ಲಿ ಪೇಪರ್ ಇತ್ತು, ಆ ಪುಟ ಮೇಲೆ ಬರುವ ಹಾಗೆ ಮಡಚಿ ಇಟ್ಟಿದ್ದಳು. ಇಟ್ಟು, ಸಾರಿಗೆ ಉಪ್ಪು ಕಮ್ಮಿ ಆಗಿದೆಯಾ ನೋಡು ಅಂದಳು.

ನಮ್ಮ ಕಡೆ ಒಂದು ಮಾತು ಹೇಳುತ್ತಾರೆ, ನಮ್ಮಲ್ಲಿ ಇದೆಲ್ಲ ಹಿಂದಿನಿಂದಲೂ ಒಪ್ಪಿಕೊಂಡದ್ದೇ, ಹುಲಿಗಿಗೆ ಹೋಗಿ ನೋಡಿ, ದೇವಿಗೆ ಬಿಟ್ಟ ಮಂಗಳಮುಖಿ ಜೋಗತಿಯರಿಗೆ ಕೈ ಮುಗಿಯಲ್ವಾ ಅಂತ. ಮುಗಿಯುತ್ತಾರೆ, ನಿಜ. ಮರಿಯಮ್ಮನಹಳ್ಳಿಯ ಮಂಜಮ್ಮ ಜೋಗತಿ ನಮ್ಮ ಸೀಮೆಯವರೇ. 2019ರಲ್ಲಿ ಜಾನಪದ ಅಕಾಡೆಮಿಯ ಅಧ್ಯಕ್ಷರಾದರು, 2021ರಲ್ಲಿ ಪದ್ಮಶ್ರೀ ತೆಗೆದುಕೊಳ್ಳೋಕೆ ಹೋದಾಗ ಸೆರಗಿನಿಂದ ರಾಷ್ಟ್ರಪತಿಯವರ ದೃಷ್ಟಿ ತೆಗೆದರು. ಟಿವಿಯಲ್ಲಿ ನೋಡುತ್ತಾ ನಮ್ಮ ಓಣಿಯೇ ಹೆಮ್ಮೆಪಟ್ಟಿತು. ಜೋಗತಿಯರ ಬದುಕು, ನನ್ನಂಥ ಗೇ ಗಂಡಸಿನ ಬದುಕು ಎರಡೂ ಒಂದೇ ಅಲ್ಲ, ಅವರು ಪಟ್ಟ ಪಾಡಿನ ಮುಂದೆ ನನ್ನದು ಏನೂ ಅಲ್ಲ. ಆದರೆ ಹುಣ್ಣಿಮೆ ದಿನ ಹುಲಿಗೆಮ್ಮನ ಗುಡಿ ಮುಂದೆ ಅವರ ಕೈಯಿಂದ ಭಂಡಾರ ಹಚ್ಚಿಸಿಕೊಂಡು ಬಂದವನೇ ಭಾನುವಾರ ಮೈದಾನದಲ್ಲಿ ಅವರ ಹೆಸರನ್ನೇ ಬೈಗುಳ ಮಾಡಿ ಕೂಗುತ್ತಾನಲ್ಲ, ಅದಕ್ಕೆ ಒಪ್ಪಿಕೊಳ್ಳೋದು ಅಂತ ಹೇಗೆ ಅನ್ನೋದು? ಗುಡಿಯಲ್ಲಿ ತಾಯಿ, ಗ್ರೌಂಡಿನಲ್ಲಿ ಬೈಗುಳ.

ಸಭೆಯಲ್ಲಿ ಒಬ್ಬರು ನಡುವೆಯೇ ಕೈ ಎತ್ತಿ ಕೇಳಿದರು, ಸಿಟ್ಟಿನಿಂದಲ್ಲ, ನಿಜವಾಗಿ ತಿಳಿದುಕೊಳ್ಳೋಕೆ. "ಸರ್, ನೀವು ಮ್ಯಾಚ್ ನೋಡೋದು ಆಟಕ್ಕೋ, ಆಟಗಾರರನ್ನು ನೋಡೋಕೋ?" ಎಲ್ಲರೂ ನಕ್ಕರು, ನಾನೂ ನಕ್ಕೆ. ಚೆಂದ ಇರುವವನು ಚೆಂದ ಕಾಣುತ್ತಾನೆ, ಅದಕ್ಕೇನು ಮಾಡೋದು. ನೀವು ಟೆನಿಸ್ ನೋಡುವಾಗ ಬರೀ ಸ್ಕೋರ್ ನೋಡುತ್ತೀರಾ? ಆದರೆ ಕೊನೆ ಓವರಿನಲ್ಲಿ 14 ರನ್ ಬೇಕಾಗಿರುವಾಗ ಯಾರ ಮುಖ ಹೇಗಿದೆ ಅಂತ ನೋಡುವಷ್ಟು ಪುರುಸೊತ್ತು ಆರ್‌ಸಿಬಿ ಅಭಿಮಾನಿಗೆ ಎಲ್ಲಿಂದ ಬರಬೇಕು. ಇನ್ನೊಂದು ಕಡೆಯ ಕಾಟವೂ ಇದೆ. ಬೆಂಗಳೂರಿನಲ್ಲಿ ನನ್ನ ಗೇ ಗೆಳೆಯರಿದ್ದಾರೆ, ಮ್ಯಾಚ್ ಇದೆ ಬರಲ್ಲ ಅಂದರೆ ಥೂ, ನಿನಗೂ ಕ್ರಿಕೆಟ್ ಹುಚ್ಚಾ ಅಂತ ಉಗಿಯುತ್ತಾರೆ. ಅವರನ್ನು ತಪ್ಪು ಅನ್ನೋಕಾಗಲ್ಲ. ಅವರಲ್ಲಿ ಬಹಳ ಜನ ಸ್ಕೂಲಿನ ಪಿಟಿ ಪೀರಿಯಡ್ಡಿನಲ್ಲೇ ಆಟ ಬಿಟ್ಟು ಬಂದವರು. ಟೀಮ್ ಮಾಡುವಾಗ ಕೊನೆಗೆ ಉಳಿದವರು.

ಹೆಂಗಸರ ಕ್ರಿಕೆಟ್ಟಿನಲ್ಲಿ ಮಾತ್ರ ಗಾಳಿ ಬೇರೆ. ನ್ಯೂಜಿಲೆಂಡಿನ ಏಮಿ ಸ್ಯಾಟರ್‌ಥ್ವೈಟ್ ಮತ್ತು ಲೀ ತಹುಹು, ದಕ್ಷಿಣ ಆಫ್ರಿಕಾದ ಡೇನ್ ವಾನ್ ನಿಕರ್ಕ್ ಮತ್ತು ಮರಿಜಾನ್ ಕಾಪ್, ಇಂಗ್ಲೆಂಡಿನ ನ್ಯಾಟ್ ಸಿವರ್ ಮತ್ತು ಕ್ಯಾಥರಿನ್ ಬ್ರಂಟ್, ಈ ಜೋಡಿಗಳೆಲ್ಲ ಒಂದೇ ತಂಡದಲ್ಲಿ ಆಡಿ ಮದುವೆ ಆದವರು. 2023ರ ಮೊದಲ ಡಬ್ಲ್ಯುಪಿಎಲ್‌ನಲ್ಲಿ, ಅಂದರೆ ಹೆಂಗಸರ ಐಪಿಎಲ್‌ನಲ್ಲಿ, ಆರ್‌ಸಿಬಿ ತಂಡದಲ್ಲೇ ವಾನ್ ನಿಕರ್ಕ್ ಇದ್ದಳು, ಹೆಂಡತಿ ಇರುವ ಮೇಗನ್ ಶುಟ್ ಇದ್ದಳು. ಅಲ್ಲಿ ಯಾಕೆ ಇದು ಸಲೀಸು, ಇಲ್ಲಿ ಯಾಕೆ ಕಷ್ಟ? ನನಗೆ ಅನಿಸುವುದು ಹೀಗೆ. ಹುಡುಗಿ ಬ್ಯಾಟ್ ಹಿಡಿದ ದಿನವೇ ಗಂಡುಬೀರಿ ಅನ್ನಿಸಿಕೊಂಡಿರುತ್ತಾಳೆ. ಅವಳು ಕಳೆದುಕೊಳ್ಳೋಕೆ ಅಂಥದ್ದೇನೂ ಉಳಿದಿರಲ್ಲ. ಗಂಡಸಿಗೆ ಹಾಗಲ್ಲ, ಅವನು ಆಡೋದೇ ಗಂಡಸ್ತನದ ಸರ್ಟಿಫಿಕೇಟಿಗೆ ಅಂತ ಜನ ಅಂದುಕೊಂಡಿದ್ದಾರೆ. ಹಾಗಂತ ಹೆಂಗಸರಿಗೆ ಬೆಲೆ ತೆರಬೇಕಾಗಲಿಲ್ಲ ಅಂತಲ್ಲ. 1981ರಲ್ಲಿ ಟೆನಿಸ್ಸಿನ ಬಿಲ್ಲಿ ಜೀನ್ ಕಿಂಗ್ ವಿಷಯ ಹೊರಗೆ ಬಂದಾಗ ಒಂದೇ ದಿನದಲ್ಲಿ ಜಾಹೀರಾತು ಕಂಪನಿಗಳೆಲ್ಲ ಜಾಗ ಖಾಲಿ ಮಾಡಿದ್ದವು.

2025ರ ಫೆಬ್ರವರಿ. ಆರ್‌ಸಿಬಿ ಹೆಂಗಸರ ತಂಡ, ಡೆಲ್ಲಿ ಮೇಲೆ ಆಡುತ್ತಿತ್ತು. ನಮ್ಮ ಮನೆಯಲ್ಲಿ ಟಿವಿ ಮುಂದೆ ಅವ್ವ ಚಾಪೆ ಹಾಸಿಕೊಂಡು ಹುಣಸೆಹಣ್ಣಿನ ಬೀಜ ಬಿಡಿಸುತ್ತಿದ್ದಳು. ಸ್ಮೃತಿ ಮಂಧಾನ ಜೊತೆ ಇಂಗ್ಲೆಂಡಿನ ಡ್ಯಾನಿ ವ್ಯಾಟ್-ಹಾಜ್ ಓಪನಿಂಗ್ ಇಳಿದಿದ್ದಳು. ಈ ಡ್ಯಾನಿ ಬಗ್ಗೆ ಒಂದು ತಮಾಷೆ ಇದೆ, 2014ರಲ್ಲಿ ಟ್ವಿಟರಿನಲ್ಲಿ ಕೊಹ್ಲಿಯನ್ನು ಮದುವೆ ಆಗು ಅಂತ ಕೇಳಿ ದೇಶದಲ್ಲೆಲ್ಲ ಹೆಸರಾದವಳು ಇವಳೇ.

ಅವ್ವ ತಲೆ ಎತ್ತದೆ ಕೇಳಿದಳು. "ಇಕಿ ಹೆಸರು ಯಾಕಪ್ಪ ಇಷ್ಟುದ್ದ ಆತು? ಮದ್ಲು ಬರೇ ವ್ಯಾಟ್ ಅಂತಿದ್ರಲ್ಲ."

"ಮದುವಿ ಆತವ್ವ, ಹೋದ ವರ್ಷ."

"ಗಂಡಂದು ಹಾಜ್ ಅಂತೇನು?"

ನಾನು ಒಂದು ಬಾಲ್ ಬಿಟ್ಟೆ. "ಗಂಡ ಅಲ್ಲವ್ವ, ಹೆಂಡ್ತಿ. ಜಾರ್ಜಿ ಹಾಜ್ ಅಂತ."

ಅವ್ವ ಬೀಜ ತೆಗೆದು ಬಟ್ಟಲಿಗೆ ಹಾಕಿದಳು. ಇನ್ನೊಂದು ತೆಗೆದಳು. ಸ್ಮೃತಿ ಒಂದು ಫೋರ್ ಹೊಡೆದಳು. ಓವರ್ ಮುಗಿದು ಜಾಹೀರಾತು ಬಂತು. ಆಗ ಕೇಳಿದಳು. "ಹಂಗಾರ ಇಬ್ರಾಗ ಅತ್ತಿ ಮನಿಗೆ ಹೋದಾಕಿ ಯಾರು?"

ನಗು ಬಂತು, ತಡೆದುಕೊಂಡೆ. ಅದು ತಮಾಷೆ ಪ್ರಶ್ನೆ ಆಗಿರಲಿಲ್ಲ. "ಯಾರೂ ಹೋಗಿಲ್ಲ ಅಂತ ಕಾಣ್ತೈತಿ. ಇಬ್ರೂ ಬ್ಯಾರೆ ಮನಿ ಮಾಡಿರಬೇಕು."

"ಛಲೋ ಆತು ತಗಿ. ಅತ್ತಿ ಕಾಟ ಇಲ್ಲ."

ಅವತ್ತು ಸ್ಮೃತಿ 81, ಡ್ಯಾನಿ 42. ಸುಲಭವಾಗಿ ಗೆದ್ದೆವು. ಆರು ವರ್ಷದಲ್ಲಿ ಆ ವಿಷಯದ ಬಗ್ಗೆ ಅವ್ವ ನನ್ನ ಜೊತೆ ಆಡಿದ ಅತಿ ಉದ್ದದ ಮಾತು ಅದೇ. ಅದೂ ನನ್ನ ಬಗ್ಗೆ ಅಲ್ಲ, ಆದರೆ ನನ್ನ ಬಗ್ಗೆಯೇ.

ಇದಾದ ಮೂರೂವರೆ ತಿಂಗಳಿಗೆ ಗಂಡಸರ ತಂಡ ಕೊನೆಗೂ ಐಪಿಎಲ್ ಕಪ್ ಗೆದ್ದಿತು. 2025ರ ಜೂನ್ 3, ಅಹಮದಾಬಾದ್, ಪಂಜಾಬ್ ಮೇಲೆ 6 ರನ್ನಿನ ಗೆಲುವು. ಕೊನೆ ಓವರ್ ಇನ್ನೂ ಮುಗಿದಿರಲಿಲ್ಲ, ಕೊಹ್ಲಿ ಅಳೋಕೆ ಶುರು ಮಾಡಿದ್ದ. ನಾವೆಲ್ಲ ರಾಯಲ್ ಸರ್ಕಲ್ ಕಡೆ ಓಡಿದೆವು. ಗುರುತಿಲ್ಲದವರೆಲ್ಲ ತಬ್ಬಿಕೊಳ್ಳುತ್ತಿದ್ದರು. ಆಟೋ ಮೇಲೆ ಹತ್ತಿ ನಿಂತ ಒಬ್ಬ ಮೀಸೆ ಮಾವ ಕೆಳಗಿಳಿದು ನನ್ನ ಕೆನ್ನೆಗೆ ಮುತ್ತು ಕೊಟ್ಟು, ಹೆಗಲ ಮೇಲೆ ತಲೆ ಇಟ್ಟು ಅತ್ತ. 2016ರಲ್ಲಿ ಮೊದಲ ಏಟು ಹೊಡೆದವನೂ ಅಲ್ಲೇ ಇದ್ದ, ನನ್ನ ಕೈ ಬಿಡಲಿಲ್ಲ, ಇಬ್ಬರೂ ಕೈ ಹಿಡಿದುಕೊಂಡೇ ಮಧ್ಯರಾತ್ರಿವರೆಗೆ ತಿರುಗಿದೆವು. ಗಂಡಸು ಗಂಡಸನ್ನು ತಬ್ಬಬಹುದು, ಮುದ್ದಿಸಬಹುದು, ಅಳಬಹುದು, ಯಾರೂ ಒಂದು ಮಾತು ಅನ್ನಲ್ಲ. ಅದಕ್ಕೆ ಒಂದು ಕಪ್ ಗೆಲ್ಲಬೇಕು ಅಷ್ಟೇ. ಮರುದಿನ ಬೆಂಗಳೂರಿನ ಕಾಲ್ತುಳಿತದಲ್ಲಿ 11 ಜನ ಹೋದರು. ಆ ಸಂತೋಷದ ಬಗ್ಗೆ ಆಮೇಲೆ ಯಾರೂ ಬಾಯಿಬಿಟ್ಟು ಮಾತಾಡಲಿಲ್ಲ, ನಾನೂ ಮಾತಾಡಿರಲಿಲ್ಲ, ಇವತ್ತೇ ಮೊದಲು.

ನನ್ನ ಮಾತು ಅಲ್ಲಿಗೆ ನಿಂತಿತು. ಪ್ರಶ್ನೆಗಳು ಬಂದವು. ಒಬ್ಬ ಹುಡುಗ, ಸಿಕ್ಸರಿಗೆ ಛಕ್ಕಾ ಅನ್ನದೆ ಏನನ್ನಬೇಕು ಅಂತ ಕೇಳಿದ. ಅವನ ಪಕ್ಕ ಕೂತಿದ್ದ ಮೇಷ್ಟ್ರು "ಆರು ಅನ್ನು" ಅಂದರು. ತೋರಣಗಲ್ಲಿನ ಕಡೆಯಿಂದ ಬಂದಿದ್ದ ಒಬ್ಬ ಹೆಣ್ಣುಮಗಳು, ವಿಜಯನಗರದ ಇನ್‌ಸ್ಪೈರ್ ಇನ್‌ಸ್ಟಿಟ್ಯೂಟಿನಲ್ಲಿ ದೇಶದ ಎಲ್ಲ ಕಡೆಯ ಮಕ್ಕಳು ಕುಸ್ತಿ, ಬಾಕ್ಸಿಂಗು, ಜೂಡೋ ಕಲಿಯುತ್ತಾರಲ್ಲ, ಅಂಥ ಮಕ್ಕಳಿಗೆ ಇದನ್ನೆಲ್ಲ ಯಾರು ಹೇಳುತ್ತಾರೆ ಅಂತ ಕೇಳಿದರು. ನನ್ನ ಹತ್ತಿರ ಉತ್ತರ ಇರಲಿಲ್ಲ.

ಎಲ್ಲ ಮುಗಿದು ಮಂಡಕ್ಕಿ ಹಂಚುವಾಗ ಒಬ್ಬರು ಹತ್ತಿರ ಬಂದರು. ಐವತ್ತರ ಮೇಲಿರಬೇಕು, ಕೊರಳಿಗೆ ಟವೆಲ್ಲು. ಕೊಪ್ಪಳ, ಗಂಗಾವತಿ ಕಡೆ ಜಾತ್ರೆಗಳಲ್ಲಿ ನಡೆಯುವ ಹೊನಲು ಬೆಳಕಿನ ಕಬಡ್ಡಿಗೆ ಮೈಕಿನಲ್ಲಿ ಕಾಮೆಂಟರಿ ಹೇಳುವವರಂತೆ. ಬೆಂಗಳೂರು ಬುಲ್ಸ್ ಕಪ್ ಗೆದ್ದ ಫೈನಲ್ಲಿನಲ್ಲಿ ಪವನ್ ಸೆಹ್ರಾವತ್ ತೆಗೆದ 22 ಪಾಯಿಂಟನ್ನು ಒಂದೊಂದಾಗಿ ಹೇಳಬಲ್ಲ ಮನುಷ್ಯ. ಮಿರ್ಚಿ ಕೈಯಲ್ಲಿ ಹಿಡಿದೇ ಹೇಳಿದರು.

"ತಮ್ಮಾ, ನೀ ಅಂದ ಪದ ನಾನೂ ಮೈಕಿನ್ಯಾಗ ಭಾಳ ಸಲ ಅಂದೀನಿ. ರೈಡಿಗೆ ಹೋದವ ಗೆರಿ ಮುಟ್ಟದಂಗ ವಾಪಸ್ ಬಂದ್ರ ಅದನ್ನ ಅಂತೀನಿ. ಜನ ಬಿದ್ದು ಬಿದ್ದು ನಗ್ತಾರ. ಬಿಡು ಅಂದ್ರ ಬಿಡ್ತೀನಿ, ಅದೇನ್ ದೊಡ್ಡದಲ್ಲ. ಆದ್ರ ಜನ ನಗಬೇಕಲ್ಲ, ಅದರ ಜಾಗಕ್ಕ ಏನ್ ಅನ್ನಲಿ ಹೇಳು?"

ನಾನು ವಾರಗಟ್ಟಲೆ ತಯಾರಿ ಮಾಡಿಕೊಂಡು ಬಂದಿದ್ದೆ, ಈ ಪ್ರಶ್ನೆ ಹೊಳೆದೇ ಇರಲಿಲ್ಲ. ಇಬ್ಬರೂ ಎರಡು ಕುರ್ಚಿ ಎಳೆದುಕೊಂಡು ಕೂತೆವು. "ಸೊಸೈಟ್ಯಾಗ ಅಕ್ಕಿ ಬಂದಾವಾ ಅಂತ ಕೇಳಾಕ ಹೋದಂಗ ಹೋಗಿ ಬಂದ" ಅನ್ನೋದು ಅವರಿಗೆ ಹಿಡಿಸಿತು. "ಸಾಲ ಕೇಳಾಕ ಹೋಗಿ ಮುಖ ನೋಡಿ ವಾಪಸ್ ಬಂದ" ಅನ್ನೋದು ಅವರದೇ. "ಕರೆಂಟ್ ಬಂದಂಗ ಬಂದ, ಹೋದಂಗ ಹೋದ" ಅಂತ ಕುರ್ಚಿ ಜೋಡಿಸುತ್ತಿದ್ದ ಹುಡುಗ ಸೇರಿಸಿದ. ಮೂರನ್ನೂ ಅವರು ಮಂಡಕ್ಕಿ ಕಟ್ಟಿಕೊಟ್ಟ ಪೇಪರಿನ ಅಂಚಿಗೆ ಬರೆದುಕೊಂಡು ಜೇಬಿಗೆ ಹಾಕಿಕೊಂಡರು. ನಾಲ್ಕನೆಯದು ಅವರ ಅಳಿಯನ ಮೇಲೆ ಇತ್ತು, ಅದನ್ನು ಇಲ್ಲಿ ಬರೆಯೋ ಹಾಗಿಲ್ಲ.